ನೀರು ಕುಡಿದ ಕ್ಯಾಮೆರಾ ರಿಪೇರಿ ಆಗಲ್ಲ ಅಂದರೆ ಮುಂದೇನು?

ಕ್ಯಾಮೆರಾಕ್ಕೆ ನೀರು ಸೇರೋಕೆ ಬೆಂಗಳೂರಿನಲ್ಲಿ ಸಮುದ್ರ ಬೇಕಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆ ಮನೆಯೊಳಗೇ ನೀರು ನುಗ್ಗಿತು. 2025ರ ಮೇ ತಿಂಗಳಲ್ಲಿ ಹೊರಮಾವು ಹತ್ತಿರದ ಸಾಯಿ ಲೇಔಟ್ ಮುಳುಗಿತು. ಇಂಥ ಹೊತ್ತಲ್ಲಿ ಜನ ಮೊದಲು ಮಕ್ಕಳನ್ನು, ವಯಸ್ಸಾದವರನ್ನು, ಕಾಗದ ಪತ್ರಗಳನ್ನು ಮೇಲಕ್ಕೆ ಸಾಗಿಸುತ್ತಾರೆ. ಬೀರುವಿನ ಕೆಳಗಿನ ಖಾನೆಯಲ್ಲಿದ್ದ ಕ್ಯಾಮೆರಾ ಬ್ಯಾಗ್ ನೆನಪಾಗೋದು ನೀರು ಇಳಿದ ಮೇಲೆಯೇ. ಪ್ರವಾಹವೇ ಆಗಬೇಕು ಅಂತಿಲ್ಲ. ಬ್ಯಾಗಿನೊಳಗೆ ಸೋರಿದ ನೀರಿನ ಬಾಟಲಿ ಸಾಕು, ಮಳೆಗಾಲದಲ್ಲಿ ಭರಚುಕ್ಕಿಯ ತುಂತುರು ಸಾಕು.

ಸರ್ವಿಸ್ ಸೆಂಟರ್‌ನವರು "ಸರ್ಕ್ಯೂಟ್ ಬೋರ್ಡ್ ಹೋಗಿದೆ, ಆಗಲ್ಲ" ಅಂದ ಮೇಲೆ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಮನಸ್ಸಾಗದೆ ಬೀರುವಿನಲ್ಲಿ ಹಾಗೇ ಇಡುತ್ತಾರೆ, ಇಲ್ಲವೇ ಬೇಜಾರಿನಲ್ಲಿ ಗುಜರಿಗೆ ಹಾಕುತ್ತಾರೆ. ಎರಡೂ ಬೇಡ. ನೀರು ಸಾಮಾನ್ಯವಾಗಿ ಕೊಲ್ಲೋದು ಬಾಡಿಯೊಳಗಿನ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದೊಳಗಿನ) ಎಲೆಕ್ಟ್ರಾನಿಕ್ಸನ್ನು. ಮೆಮೊರಿ ಕಾರ್ಡಿನಲ್ಲಿರುವ ಫೋಟೋ, ಲೆನ್ಸ್, ಫಿಲ್ಟರ್, ವಿಮೆಯ ಹಣ, ಬಿಡಿಭಾಗಗಳ ಬೆಲೆ ಇವೆಲ್ಲ ಇನ್ನೂ ಉಳಿದಿರಬಹುದು. ಆದರೆ ಕೆಲಸಗಳನ್ನು ಒಂದು ಕ್ರಮದಲ್ಲಿ ಮಾಡಬೇಕು. ಯಾವುದೋ ಕೊನೆಯ ಕೆಲಸ ಮೊದಲು ಮಾಡಿಬಿಟ್ಟರೆ ಮತ್ತೊಂದು ಕೈತಪ್ಪುತ್ತದೆ.

ಮೊದಲು ಬ್ಯಾಟರಿ ತೆಗೆಯಿರಿ

"ಒಣಗಿದೆ, ಒಂದ್ಸಲ ಆನ್ ಮಾಡಿ ನೋಡೋಣ" ಅನ್ನೋ ಆಸೆ ಬೇಡ. ನೀರು ಆರಿದರೂ ಅದರಲ್ಲಿದ್ದ ಉಪ್ಪು ಆರುವುದಿಲ್ಲ. ನಮ್ಮ ಬೋರ್‌ವೆಲ್ ನೀರಿನಲ್ಲಿ ಗಡಸುತನ ಜಾಸ್ತಿ. ರಸ್ತೆಯಲ್ಲಿ ನಿಂತ ನೀರಿನಲ್ಲಂತೂ ಚರಂಡಿಯೂ ಸೇರಿರುತ್ತದೆ. ಆ ಉಪ್ಪಿನ ಮೇಲೆ ಕರೆಂಟ್ ಹರಿದರೆ ತಾಮ್ರದ ಸಣ್ಣ ಸಣ್ಣ ಗೆರೆಗಳು ತಿಂದುಹೋಗುತ್ತವೆ. ಬ್ಯಾಟರಿ ಖಾನೆಯ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿ. ಸಂಪರ್ಕದ ಪಿನ್ನುಗಳ ಬುಡದಲ್ಲಿ ಹಸಿರು ಪುಡಿ ಅಥವಾ ಬಿಳಿ ಹರಳು ಕಂಡರೆ ಒಳಗೂ ಹಾಗೇ ಆಗಿದೆ ಅಂತಲೇ ತಿಳಿಯಿರಿ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಈ ಪುಡಿ ಹೋಗುವುದಿಲ್ಲ. ಅಕ್ಕಿಯ ಧೂಳು ಒಳಗೆ ಸೇರುತ್ತದೆ ಅಷ್ಟೇ.

ಒದ್ದೆಯಾದ ಲಿಥಿಯಂ ಬ್ಯಾಟರಿಯನ್ನು ಮತ್ತೆ ಚಾರ್ಜ್‌ಗೆ ಹಾಕಲೇಬೇಡಿ, ನೋಡೋಕೆ ಚೆನ್ನಾಗಿದ್ದರೂ ಸರಿ. ಒಳಗೆ ಶಾರ್ಟ್ ಆಗಿದ್ದರೆ ಬೆಂಕಿ ಹತ್ತಬಹುದು. ಬ್ಯಾಟರಿಯ ಲೋಹದ ತುದಿಗಳಿಗೆ ಇನ್ಸುಲೇಷನ್ ಟೇಪ್ ಅಂಟಿಸಿ. ಒಣ ಮರಳು ಹಾಕಿದ ಹಳೇ ತಗಡಿನ ಡಬ್ಬದಲ್ಲಿಟ್ಟು, ಮುಚ್ಚಳ ಬಿಗಿಯದೆ, ಬಿಸಿಲು ಮಳೆ ಬೀಳದ ಕಡೆ ಬಾಲ್ಕನಿಯಲ್ಲಿಡಿ. ಮಲಗುವ ಕೋಣೆಯಲ್ಲಿ ಬೇಡ.

ಬ್ಯಾಟರಿ ಊದಿಕೊಂಡು ಖಾನೆಯಲ್ಲೇ ಸಿಕ್ಕಿಕೊಂಡಿದ್ದರೆ ಚಾಕು, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ತೂತಾದರೆ ಅಲ್ಲೇ ಹೊತ್ತಿಕೊಳ್ಳಬಹುದು. ಕ್ಯಾಮೆರಾವನ್ನು ಹಾಗೇ ಮೆಕ್ಯಾನಿಕ್ ಹತ್ತಿರ ಒಯ್ದು, ಒಳಗೆ ಊದಿದ ಬ್ಯಾಟರಿ ಇದೆ ಅಂತ ಮೊದಲೇ ಹೇಳಿ.

"ಆಗಲ್ಲ" ಅಂದರೆ ಏನು, ಬಿಡಿಸಿ ಕೇಳಿ

ಈ ಮಾತಿಗೆ ಎರಡು ಅರ್ಥ ಇರುತ್ತದೆ. ಒಂದು, ಪಾರ್ಟ್ ಸಿಗಲ್ಲ, ನಿಜವಾಗಿಯೂ ಮಾಡೋಕೆ ಬರಲ್ಲ. ಇನ್ನೊಂದು, ಮಾಡಬಹುದು, ಆದರೆ ಖರ್ಚು ಕ್ಯಾಮೆರಾದ ಈಗಿನ ಬೆಲೆಯನ್ನೂ ಮೀರುತ್ತದೆ. ನಿಮ್ಮದು ಯಾವುದು ಅಂತ ಕೇಳಿ, ಅದನ್ನು ಎಸ್ಟಿಮೇಟ್ ಚೀಟಿಯಲ್ಲಿ ಬರೆಸಿಕೊಳ್ಳಿ. ಯಾವ ಭಾಗ ಹಾಳಾಗಿದೆ, ಕಾರಣ ನೀರು, ಸೀರಿಯಲ್ ನಂಬರ್ ಇಂಥದ್ದು, ಇಷ್ಟು ಆ ಚೀಟಿಯಲ್ಲಿ ಇರಲೇಬೇಕು. ಮುಂದೆ ವಿಮೆಗೂ ಮಾರಾಟಕ್ಕೂ ಇದೇ ಆಧಾರ.

ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಒಮ್ಮೆ ತೋರಿಸೋದು ತಪ್ಪಲ್ಲ. ಕಂಪನಿಯ ಸೆಂಟರ್‌ನವರು ಬೋರ್ಡ್ ಪೂರ್ತಿ ಬದಲಿಸೋ ಲೆಕ್ಕ ಹಾಕುತ್ತಾರೆ. ಹೊರಗಿನ ಮೆಕ್ಯಾನಿಕ್ ಹಳೇ ಬಾಡಿಯಿಂದ ತೆಗೆದ ಭಾಗ ಹಾಕಬಹುದು. ಶಟರ್ (ಬೆಳಕು ಒಳಗೆ ಬಿಡುವ ಪರದೆ) ಮಾತ್ರ ಅಥವಾ ಹಿಂದಿನ ಸ್ಕ್ರೀನ್ ಮಾತ್ರ ಹೋಗಿದ್ದರೆ ಈ ದಾರಿ ನಡೆಯುತ್ತದೆ. ಮೇನ್ ಬೋರ್ಡೂ ಸೆನ್ಸಾರೂ (ಬೆಳಕನ್ನು ಚಿತ್ರವಾಗಿಸುವ ಚಿಪ್) ಎರಡೂ ಹೋಗಿದ್ದರೆ ಅಲ್ಲಿಗೆ ಬಿಟ್ಟುಬಿಡಿ. "ಕೆಮಿಕಲ್ ವಾಶ್ ಮಾಡಿ ನೋಡೋಣ, ಗ್ಯಾರಂಟಿ ಇಲ್ಲ" ಅಂತ ಮುಂಗಡ ಕೇಳಿದರೆ ಕೊಡಬೇಡಿ ಅಂತಲೇ ನನ್ನ ಸಲಹೆ. ತುಕ್ಕು ಹಿಡಿದ ಬೋರ್ಡ್ ಒಂದು ವಾರ ಓಡಿ ಮತ್ತೆ ನಿಂತುಬಿಡೋದು ಸಾಮಾನ್ಯ. ಆ ದುಡ್ಡು ಹೊಸ ಕ್ಯಾಮೆರಾಕ್ಕೆ ಸೇರಲಿ.

ಫೋಟೋ ಉಳಿಸಿಕೊಳ್ಳಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಕ್ಯಾಮೆರಾ ಇನ್ನೊಂದು ಬರುತ್ತದೆ. ಅಜ್ಜಿಯ ಕೊನೆಯ ಹಬ್ಬದ ಫೋಟೋ ಇನ್ನೊಂದು ಬರಲ್ಲ. ಸಂತೋಷದ ಸಂಗತಿ ಏನೆಂದರೆ ನೀರಿಗೆ ಬಿದ್ದ ಕಾರ್ಡಿನಲ್ಲಿ ಫೋಟೋ ಉಳಿದಿರುವ ಸಾಧ್ಯತೆ ತುಂಬಾ ಜಾಸ್ತಿ. ಎಸ್‌ಡಿ ಕಾರ್ಡಿನೊಳಗೆ ತಿರುಗುವ ಭಾಗ ಇಲ್ಲ, ಬ್ಯಾಟರಿ ಇಲ್ಲ. ಕರೆಂಟ್ ಇಲ್ಲದಿದ್ದರೂ ಅದರ ಚಿಪ್‌ನಲ್ಲಿ ಮಾಹಿತಿ ಹಾಗೇ ಕೂತಿರುತ್ತದೆ.

ಕಾರ್ಡನ್ನು ಹೊರಗೆ ತೆಗೆದು ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಕೆಸರು ತೊಳೆಯಿರಿ. ಕಾರಿನ ಬ್ಯಾಟರಿಗೆ ಹಾಕುವ ನೀರು ಅಂತ ಕೇಳಿದರೆ ಬ್ಯಾಟರಿ ಅಂಗಡಿಯಲ್ಲಿ ಕೊಡುತ್ತಾರೆ. ನಲ್ಲಿ ನೀರು ಬೇಡ. ಹಿಂಭಾಗದ ಚಿನ್ನದ ಬಣ್ಣದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಎರಡು ದಿನ ನೆರಳಲ್ಲಿ ಒಣಗಲಿ. ಹೇರ್ ಡ್ರೈಯರ್ ಹಿಡಿಯಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಆಮೇಲೆ ಕಾರ್ಡಿನ ಪಕ್ಕದಲ್ಲಿರುವ ಸಣ್ಣ ಲಾಕ್ ಗುಂಡಿಯನ್ನು ಕೆಳಕ್ಕೆ ಸರಿಸಿ. ಹಾಗೆ ಮಾಡಿದರೆ ಕಂಪ್ಯೂಟರ್ ಅದರ ಮೇಲೆ ಏನನ್ನೂ ಬರೆಯುವುದಿಲ್ಲ. ಬೇರೆ ಕ್ಯಾಮೆರಾದೊಳಗೆ ಹಾಕದೆ ಕಾರ್ಡ್ ರೀಡರ್‌ನಲ್ಲೇ ಹಾಕಿ. "ಫಾರ್ಮ್ಯಾಟ್ ಮಾಡಬೇಕೇ?" ಅಂತ ಪರದೆ ಮೇಲೆ ಬಂದರೆ ಬೇಡ ಅನ್ನಿ. ಫೋಲ್ಡರ್ ಕಂಡರೆ ಪೂರ್ತಿ ಕಾಪಿ ಮಾಡಿ, ಎರಡು ಕಡೆ ಇಡಿ. ಕಾರ್ಡ್ ಕಾಣಿಸಿದರೂ ಫೋಟೋ ಕಾಣಿಸದಿದ್ದರೆ ಫೋಟೋರೆಕ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಕಡತಗಳ ಹೆಸರು ಕಳೆದುಹೋಗುತ್ತದೆ, ಆದರೆ ಚಿತ್ರಗಳನ್ನು ಹುಡುಕಿ ತೆಗೆಯುತ್ತದೆ. ಹುಡುಕಿದ್ದನ್ನು ಅದೇ ಕಾರ್ಡಿಗೆ ಹಾಕಿಸಬೇಡಿ, ಕಂಪ್ಯೂಟರ್‌ಗೆ ಹಾಕಿಸಿ.

ಕಾರ್ಡೇ ಕಾಣಿಸುತ್ತಿಲ್ಲವೇ? ಆಗ ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಬೇಕು. ಚಿಪ್‌ನಿಂದಲೇ ನೇರವಾಗಿ ಓದುವ ಸಲಕರಣೆ ಅವರಲ್ಲಿ ಇದೆಯೇ ಕೇಳಿ. ಡೇಟಾ ಬರದಿದ್ದರೆ ಎಷ್ಟು ಕೊಡಬೇಕು ಅಂತ ಮೊದಲೇ ಮಾತಾಡಿ. ಸುಮ್ನೆ ಕಾರ್ಡ್ ಕೊಟ್ಟು ಬರಬೇಡಿ, ಅದರಲ್ಲಿ ನಿಮ್ಮ ಮನೆಯವರ ಚಿತ್ರಗಳಿವೆ ಅಲ್ವಾ? ರಸೀದಿ ತೆಗೆದುಕೊಳ್ಳಿ, ಕೆಲಸ ಆದ ಮೇಲೆ ಅವರ ಕಂಪ್ಯೂಟರ್‌ನಿಂದ ಅಳಿಸಲು ಹೇಳಿ.

ವಿಮೆ ಇದ್ದರೆ ಇನ್ನೂ ಏನನ್ನೂ ಬಿಚ್ಚಬೇಡಿ

ವಾರಂಟಿಯಲ್ಲಿ ನೀರಿನ ಹಾನಿ ಸಾಮಾನ್ಯವಾಗಿ ಬರುವುದಿಲ್ಲ. "ವೆದರ್ ಸೀಲಿಂಗ್" (ಮಳೆ, ಧೂಳಿಗೆ ತಡೆ) ಅಂತ ಬರೆದಿದ್ದ ಕ್ಯಾಮೆರಾ ಆದರೂ ಅಷ್ಟೇ. ಆದರೆ ಮನೆ ಸಾಮಾನಿನ ವಿಮೆ ಮಾಡಿಸಿದ್ದರೆ, ಪ್ರವಾಹದಲ್ಲಿ ಮನೆಯೊಳಗೇ ಮುಳುಗಿದ ಕ್ಯಾಮೆರಾ ಅದರಲ್ಲಿ ಬರಬಹುದು. ಹೊರಗೆ ಒಯ್ದಾಗ ಆದ ಹಾನಿಗೆ ಸಾಮಾನ್ಯವಾಗಿ ಬೇರೆ ಕವರ್ ಬೇಕಾಗುತ್ತದೆ. ಪಾಲಿಸಿ ಕಾಗದ ತೆಗೆದು ಓದಿ.

ವಿಮಾ ಕಂಪನಿಗೆ ತಕ್ಷಣ ತಿಳಿಸಿ. ಬಿಲ್, ಸೀರಿಯಲ್ ನಂಬರಿನ ಫೋಟೋ, ಸರ್ವಿಸ್ ಸೆಂಟರ್‌ನ ಎಸ್ಟಿಮೇಟ್, ನೀರು ನುಗ್ಗಿದ ಮನೆಯ ಫೋಟೋ ಜೋಡಿಸಿಡಿ. ಬಿಲ್ ಕಳೆದಿದ್ದರೆ ಇಮೇಲ್‌ನಲ್ಲಿ, ಬ್ಯಾಂಕ್ ಕಾರ್ಡಿನ ಸ್ಟೇಟ್‌ಮೆಂಟ್‌ನಲ್ಲಿ ಹುಡುಕಿ. ಸೀರಿಯಲ್ ನಂಬರಿನ ಸ್ಟಿಕ್ಕರ್ ನೀರಿಗೆ ಅಳಿಸಿದ್ದರೆ ಹಳೇ ಫೋಟೋದ ಒಳಮಾಹಿತಿಯಲ್ಲಿ ಆ ನಂಬರ್ ಸಿಗಬಹುದು, ತುಂಬಾ ಕ್ಯಾಮೆರಾಗಳು ಅದನ್ನು ಪ್ರತಿ ಚಿತ್ರದಲ್ಲೂ ಬರೆದಿಡುತ್ತವೆ. ಹಾನಿ ಲೆಕ್ಕ ಹಾಕುವ ಸರ್ವೇಯರ್ ಬಂದು ನೋಡುವವರೆಗೆ ಕ್ಯಾಮೆರಾ ಮಾರಬೇಡಿ, ಬಿಚ್ಚಬೇಡಿ. ಹಣ ಕೊಟ್ಟ ಮೇಲೆ ಹಾಳಾದ ವಸ್ತುವನ್ನು ಕಂಪನಿಯೇ ತೆಗೆದುಕೊಳ್ಳಬಹುದು ಅಥವಾ ಅದರ ಗುಜರಿ ಬೆಲೆ ಕಳೆದು ನಿಮಗೇ ಬಿಡಬಹುದು.

ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಬೆಂಗಳೂರಿನಲ್ಲೇ ಕಚೇರಿ ಇದೆ, ವಕೀಲರು ಬೇಕಿಲ್ಲ. ಮದುವೆ ಫೋಟೋಗ್ರಫಿಯೇ ವೃತ್ತಿ ಅನ್ನುವವರು ನಿಮ್ಮ ಆಡಿಟರ್‌ಗೂ ಒಂದು ಮಾತು ಹೇಳಿ, ಲೆಕ್ಕದ ಪುಸ್ತಕದಿಂದ ತೆಗೆಯಬೇಕಾಗುತ್ತದೆ.

ಬದುಕಿರುವುದನ್ನು ಬೇರೆ ಮಾಡಿ

ಲೆನ್ಸ್ ಮೊದಲು. ತುಂಬಾ ಸಲ ಬಾಡಿಗಿಂತ ಲೆನ್ಸಿಗೇ ಬೆಲೆ ಜಾಸ್ತಿ. ಬಾಡಿಯಿಂದ ಕಳಚಿ, ಎರಡೂ ಮುಚ್ಚಳ ತೆಗೆದು, ಕತ್ತಲೆ ಕೋಣೆಯಲ್ಲಿ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಒಳಗಿನ ಗಾಜಿನ ಮೇಲೆ ನೀರು ಆರಿದ ವೃತ್ತಾಕಾರದ ಕಲೆ, ಮಂಜು, ಅಥವಾ ಜೇಡನ ಬಲೆಯಂಥ ಎಳೆಗಳು ಕಾಣುತ್ತವೆಯೇ? ಆ ಎಳೆಗಳೇ ಫಂಗಸ್. ಫೋಕಸ್ ರಿಂಗ್ ತಿರುಗಿಸಿ. ಮರಳು ಅರೆದ ಹಾಗೆ ಕೈಗೆ ತಾಗಿದರೆ ಒಳಗೆ ಕೆಸರು ಹೋಗಿದೆ.

ಲೆನ್ಸ್ ಪೂರ್ತಿ ಒಣಗಿದೆ ಅಂತ ಖಾತ್ರಿ ಆಗದೆ ಸ್ನೇಹಿತರ ಕ್ಯಾಮೆರಾಕ್ಕೆ ಹಾಕಿ ಪರೀಕ್ಷೆ ಮಾಡಬೇಡಿ. ಹಿಂದಿನ ಪಿನ್ನುಗಳಲ್ಲಿ ಶಾರ್ಟ್ ಇದ್ದರೆ ಅವರ ಬಾಡಿಗೂ ತೊಂದರೆ. ಮೊದಲು ಮೆಕ್ಯಾನಿಕ್ ನೋಡಲಿ. ಲೆನ್ಸ್ ಬಿಚ್ಚಿ ಒರೆಸಿ ಕೂಡಿಸುವುದು ಕೆಲವೊಮ್ಮೆ ಬಾಡಿಯ ರಿಪೇರಿಗಿಂತ ಸುಲಭ, ದುಬಾರಿ ಲೆನ್ಸ್ ಆದರೆ ಆ ಖರ್ಚು ಮಾಡುವುದು ಸರಿಯೇ.

ಫಿಲ್ಟರ್, ಹುಡ್, ಮುಚ್ಚಳ, ಟ್ರೈಪಾಡ್ ಪ್ಲೇಟ್ ತೊಳೆದರೆ ಮುಗಿಯಿತು. ಒದ್ದೆಯಾಗದ ಚಾರ್ಜರ್ ಇಟ್ಟುಕೊಳ್ಳಿ. ಮುಳುಗಿದ ಚಾರ್ಜರ್ ಬ್ಯಾಟರಿಯ ಜೊತೆ ಇ-ತ್ಯಾಜ್ಯಕ್ಕೆ (ಎಲೆಕ್ಟ್ರಾನಿಕ್ ಕಸಕ್ಕೆ) ಹೋಗಲಿ.

ಬಿಡಿಭಾಗಕ್ಕೆ ಮಾರುವುದು

ಸತ್ತ ಬಾಡಿಗೂ ಗಿರಾಕಿ ಇದ್ದಾರೆ. ಮೆಕ್ಯಾನಿಕ್‌ಗಳಿಗೆ ಹಿಂದಿನ ಸ್ಕ್ರೀನ್, ಶಟರ್, ಲೆನ್ಸ್ ಕೂರುವ ಲೋಹದ ಬಳೆ, ಹಿಡಿಯ ರಬ್ಬರ್, ಬ್ಯಾಟರಿ ಬಾಗಿಲು, ವ್ಯೂಫೈಂಡರ್‌ನ ಗಾಜು ಬೇಕಾಗುತ್ತವೆ. ರಬ್ಬರ್ ಸಡಿಲವಾದ, ಬಾಗಿಲು ಮುರಿದ ಅದೇ ಮಾಡೆಲ್ ಇಟ್ಟುಕೊಂಡವರು ನಗರದಲ್ಲಿ ಎಷ್ಟೋ ಮಂದಿ ಇರುತ್ತಾರೆ. ಹಾಗಾಗಿ ಹೆಚ್ಚು ಮಾರಾಟವಾದ ಮಾಡೆಲ್‌ಗೆ ಬೇಡಿಕೆಯೂ ಜಾಸ್ತಿ. ನಿಮ್ಮ ಕ್ಯಾಮೆರಾ ನೋಡಿದ ಮೆಕ್ಯಾನಿಕ್‌ನನ್ನೇ ಮೊದಲು ಕೇಳಿ, ಆಮೇಲೆ ಫೋಟೋಗ್ರಾಫರ್‌ಗಳ ವಾಟ್ಸಾಪ್ ಗುಂಪು, ಓಎಲ್‌ಎಕ್ಸ್. ಎಸ್.ಪಿ. ರೋಡ್ ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆ, ಅಲ್ಲೂ ವಿಚಾರಿಸಬಹುದು.

ಜಾಹೀರಾತಿನಲ್ಲಿ ಮೊದಲ ಸಾಲಲ್ಲೇ "ನೀರು ಸೇರಿದೆ, ಆನ್ ಆಗುವುದಿಲ್ಲ, ಬಿಡಿಭಾಗಕ್ಕೆ ಮಾತ್ರ" ಅಂತ ಬರೆಯಿರಿ. "ಸಣ್ಣ ಸಮಸ್ಯೆ, ನೋಡಿಸಿಕೊಳ್ಳಿ" ಅಂತ ಬರೆದು ಕಲಿಯುವ ಹುಡುಗನೊಬ್ಬನ ಕೂಡಿಟ್ಟ ದುಡ್ಡು ತೆಗೆದುಕೊಳ್ಳುವುದು ಸರಿಯಲ್ಲ. ತುಕ್ಕಿನ ಜಾಗದ ಫೋಟೋವನ್ನೂ ಹಾಕಿ. ಕೊಳ್ಳುವವರಿಗೂ ಯಾವ ಭಾಗ ಉಳಿದಿದೆ ಅಂತ ಅದರಿಂದಲೇ ಗೊತ್ತಾಗುತ್ತದೆ.

ಹಣ ಪಡೆಯುವಾಗ ಎಚ್ಚರ. "ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ, ನಿಮಗೆ ದುಡ್ಡು ಬರುತ್ತದೆ" ಅಂದರೆ ಅದು ಮೋಸ. ಯುಪಿಐನಲ್ಲಿ ದುಡ್ಡು ಬರಲು ಪಿನ್ ಬೇಕಿಲ್ಲ. ಮಾರಿದಾಗ ಸೀರಿಯಲ್ ನಂಬರ್, ದಿನಾಂಕ, ಇಬ್ಬರ ಸಹಿ ಇರುವ ಒಂದು ಚೀಟಿ ಮಾಡಿಕೊಳ್ಳಿ.

ಕ್ಯಾಮೆರಾ ಆನ್ ಆಗುವುದಿಲ್ಲವಾದ್ದರಿಂದ ಒಳಗೆ ಉಳಿದ ವೈಫೈ ಪಾಸ್‌ವರ್ಡ್, ಮಾಲೀಕರ ಹೆಸರು ಅಳಿಸಲು ಆಗಲ್ಲ. ಫೋನಿನ ಆ್ಯಪ್‌ನಲ್ಲಿ ಆ ಕ್ಯಾಮೆರಾವನ್ನು ತೆಗೆದುಹಾಕಿ, ಮನೆಯ ವೈಫೈ ಪಾಸ್‌ವರ್ಡ್ ಬದಲಿಸಿ. ಕಾರ್ಡ್ ಖಾನೆ ಖಾಲಿ ಇದೆಯೇ ಮತ್ತೊಮ್ಮೆ ನೋಡಿ. ಕೆಲವದರಲ್ಲಿ ಎರಡು ಖಾನೆ ಇರುತ್ತದೆ, ಎರಡನೆಯದು ಮರೆತುಹೋಗುತ್ತದೆ.

ಮಾರಲು ಮನಸ್ಸಿಲ್ಲದಿದ್ದರೆ

ಆಯುಧ ಪೂಜೆಗೆ ಅರಿಶಿನ ಕುಂಕುಮ ಇಟ್ಟ ವಸ್ತುವನ್ನು ಬಿಸಾಕಲು ಕೈ ಬರುವುದಿಲ್ಲ, ಅದು ನನಗೂ ಅರ್ಥವಾಗುತ್ತದೆ. ಬ್ಯಾಟರಿ ತೆಗೆದು, ಹೊರಗೆ ಒರೆಸಿ, ಪೂರ್ತಿ ಒಣಗಿಸಿ ಷೋಕೇಸಿನಲ್ಲಿ ಇಡಬಹುದು. ಒಳ್ಳೆಯ ಲೆನ್ಸ್‌ಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ, ಫಂಗಸ್ ಹರಡಬಹುದು.

ಹತ್ತಿರದ ಶಾಲೆಯ ವಿಜ್ಞಾನದ ಮೇಷ್ಟ್ರನ್ನೋ ಫೋಟೋಗ್ರಫಿ ಕಲಿಸುವವರನ್ನೋ ಕೇಳಿ ನೋಡಿ. ಒಳಗೆ ಕನ್ನಡಿ ಇರುವ ಕ್ಯಾಮೆರಾ ಆದರೆ, ಆ ಕನ್ನಡಿ ಮೇಲೆದ್ದು ಬೆಳಕು ಸೆನ್ಸಾರಿಗೆ ಹೋಗುವ ದಾರಿಯನ್ನು ನಿಜವಾದ ಕ್ಯಾಮೆರಾದಲ್ಲಿ ಬೆರಳಿಟ್ಟು ತೋರಿಸಿದರೆ ಮಕ್ಕಳಿಗೆ ಪುಸ್ತಕದ ಚಿತ್ರಕ್ಕಿಂತ ಬೇಗ ತಿಳಿಯುತ್ತದೆ. ಯಾವ ಕ್ಯಾಮೆರಾಕ್ಕೂ ಇನ್ನು ಹೊಂದದ 50 ಮಿಲಿಮೀಟರ್ ಲೆನ್ಸ್ ಇದ್ದರೆ ಅದು ಒಳ್ಳೆಯ ಭೂತಗನ್ನಡಿ. ಸುಮಾರು ಐದು ಪಟ್ಟು ದೊಡ್ಡದಾಗಿ ಕಾಣುತ್ತದೆ. ತುಂಬೆ ಹೂವಿನೊಳಗಿನ ರೋಮವನ್ನು ಅದರಲ್ಲಿ ನೋಡಿ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಫ್ಲಾಶ್ ಇರುವ ಕ್ಯಾಮೆರಾವನ್ನು ಮನೆಯಲ್ಲಿ ಬಿಚ್ಚಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ಫ್ಲಾಶಿನ ಕೆಪಾಸಿಟರ್‌ನಲ್ಲಿ (ಕರೆಂಟ್ ಕೂಡಿಡುವ ಭಾಗದಲ್ಲಿ) ಸುಮಾರು 300 ವೋಲ್ಟ್ ತುಂಬಿರುತ್ತದೆ, ಬ್ಯಾಟರಿ ತೆಗೆದ ಮೇಲೂ ಅದು ಉಳಿದಿರಬಹುದು. ತಾಗಿದರೆ ಕೈ ಸುಡುತ್ತದೆ, ಜೋರಾದ ಶಾಕ್ ಹೊಡೆಯುತ್ತದೆ. ಶಾಲೆಗೆ ಕೊಡುವ ಮೊದಲು ಮೆಕ್ಯಾನಿಕ್‌ನಿಂದ ಅದನ್ನು ಖಾಲಿ ಮಾಡಿಸಿ. ಫ್ಲಾಶ್ ಇಲ್ಲದ ಬಾಡಿ ಬಿಚ್ಚುವ ಆಸಕ್ತಿ ನಿಮಗಿದ್ದರೆ ಜೆಐಎಸ್ (ಜಪಾನಿನ ಮಾನದಂಡದ) ಸ್ಕ್ರೂಡ್ರೈವರ್ ಕೊಳ್ಳಿ. ಜಪಾನಿ ಕ್ಯಾಮೆರಾಗಳ ಸ್ಕ್ರೂ ಆ ಅಳತೆಯವು. ಮಾಮೂಲಿ ಫಿಲಿಪ್ಸ್ ಹಾಕಿದರೆ ತಲೆ ಸವೆದು ತಿರುಗುವುದೇ ಇಲ್ಲ.

ಕೊನೆಗೆ ಉಳಿದದ್ದು ಇ-ತ್ಯಾಜ್ಯಕ್ಕೆ

ಹಸಿರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ಡಯಾಪರ್, ಪ್ಯಾಡ್ ಇಂಥವಕ್ಕೆ, ಚೀಲ ಒಣ ಕಸಕ್ಕೆ. ಈ ಮೂರರಲ್ಲಿ ಯಾವುದರಲ್ಲೂ ಕ್ಯಾಮೆರಾ ಇಲ್ಲ, ಬ್ಯಾಟರಿಯಂತೂ ಇಲ್ಲವೇ ಇಲ್ಲ. ಕಸದ ಲಾರಿಯಲ್ಲಿ ಒತ್ತಿದಾಗ ಲಿಥಿಯಂ ಬ್ಯಾಟರಿ ಒಡೆದರೆ ಇಡೀ ಲೋಡ್ ಹೊತ್ತಿಕೊಳ್ಳಬಹುದು. ಆ ಕಸವನ್ನು ಬರಿಗೈಯಲ್ಲಿ ವಿಂಗಡಿಸುವ ಪೌರಕಾರ್ಮಿಕರನ್ನು ಒಮ್ಮೆ ನೆನೆಯಿರಿ.

ಬೀದಿಯಲ್ಲಿ ಬರುವ ಗುಜರಿಯವರಿಗೆ ಪೇಪರ್, ಕಬ್ಬಿಣ ಕೊಡಿ, ಇದನ್ನು ಬೇಡ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಅಲ್ಲಿಂದ ಬೋರ್ಡ್ ಎಲ್ಲಿಗೆ ಹೋಗುತ್ತದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ. ಚಿನ್ನ, ತಾಮ್ರದ ಆಸೆಗೆ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುವ, ವೈರನ್ನು ಬಯಲಲ್ಲಿ ಸುಡುವ ಕೆಲಸ ಇನ್ನೂ ನಡೆಯುತ್ತದೆ. ಆ ಹೊಗೆ ಕುಡಿಯುವವರು ಬಡವರೇ.

ಬೆಂಗಳೂರಿಗರಿಗೆ ಒಳ್ಳೆಯ ದಾರಿಗಳಿವೆ. ದೇಶದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕಗಳಲ್ಲಿ ಒಂದಾದ ಇ-ಪರಿಸರ ಇರುವುದು ಇಲ್ಲೇ ದಾಬಸ್‌ಪೇಟೆಯಲ್ಲಿ. ಕಸ ವಿಂಗಡಣೆಯಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿರುವ ಸಾಹಸ್ ಸಂಸ್ಥೆಯವರನ್ನೂ ವಿಚಾರಿಸಬಹುದು. ನಿಮ್ಮ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಇ-ತ್ಯಾಜ್ಯ ತೆಗೆದುಕೊಳ್ಳುತ್ತಾರಾ ಕೇಳಿ. ಪರವಾನಗಿ ಇರುವವರ ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಿಗುತ್ತದೆ. ಚರ್ಚ್ ಸ್ಟ್ರೀಟ್‌ನ ಪರಿಸರ ಭವನ ಅವರ ಕಚೇರಿ. ಒಂದೇ ಕ್ಯಾಮೆರಾಕ್ಕೆ ಮನೆಗೆ ಬರಲು ಒಪ್ಪದಿದ್ದರೆ ಅಪಾರ್ಟ್‌ಮೆಂಟಿನವರೆಲ್ಲ ಹಳೇ ಫೋನ್, ರಿಮೋಟ್, ವೈರ್ ಸೇರಿಸಿ ಒಟ್ಟಿಗೆ ಕರೆಯಿರಿ. ಅಷ್ಟು ರಾಶಿ ಇದ್ದರೆ ಬರುತ್ತಾರೆ.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ಎಲೆಕ್ಟ್ರಾನಿಕ್ ಸಾಮಾನು ಮಾರುವ ಕಂಪನಿಗಳ ಮೇಲೇ ಹಾಕಿವೆ. ಹಾಗಾಗಿ ಹೊಸ ಕ್ಯಾಮೆರಾ ಕೊಳ್ಳುವ ಅಂಗಡಿಯಲ್ಲಿ "ಹಳೆಯದನ್ನು ತೆಗೆದುಕೊಳ್ಳುತ್ತೀರಾ?" ಅಂತ ಕೇಳಲು ಸಂಕೋಚ ಬೇಡ. ಕೊಡುವಾಗ ಬ್ಯಾಟರಿಯನ್ನು ಬೇರೆಯಾಗಿ, ಟೇಪ್ ಸುತ್ತಿದ ಹಾಗೇ ಕೊಟ್ಟು, ನೀರು ಸೇರಿದ್ದು ಅಂತ ಬಾಯಿಬಿಟ್ಟು ಹೇಳಿ. ಹಾಳಾದ ಕಾರ್ಡ್ ಇದ್ದರೆ ನಡುಮಧ್ಯೆ ಕತ್ತರಿಸಿದರೆ ಸಾಲದು, ಚಿಪ್ ಇರುವ ಭಾಗವೇ ಪುಡಿಯಾಗಬೇಕು.

ಇಷ್ಟಾದ ಮೇಲೆ ಉಳಿಯುವುದು ಬ್ಯಾಗ್. ಹೊಸ ಕ್ಯಾಮೆರಾವನ್ನು ಅದರಲ್ಲೇ ಇಡುವ ಯೋಚನೆ ಇದ್ದರೆ ಒಳಗಿನ ಸ್ಪಂಜಿನ ತಟ್ಟೆಗಳನ್ನೆಲ್ಲ ಕಿತ್ತು, ಸೋಪಿನ ನೀರಲ್ಲಿ ತೊಳೆದು, ಜೋರು ಬಿಸಿಲಲ್ಲಿ ಹಲವು ದಿನ ಒಣಗಿಸಿ. ಮೂಗಿಗೆ ಹಿಡಿದು ನೋಡಿ. ಮುಗ್ಗಲು ವಾಸನೆ ಇನ್ನೂ ಇದ್ದರೆ ಆ ಬ್ಯಾಗ್ ತರಕಾರಿ ತರಲು ಇರಲಿ, ಹೊಸ ಲೆನ್ಸಿಗೆ ಬೇಡ.